ಓದುಗರ ಪ್ರಶ್ನೆ: ನರ ಸವೆಯುವ ಕಾಯಿಲೆಗೆ ದಿನಚರಿ ಎಷ್ಟು ಆಸರೆ?

ಪಾರ್ಕಿನ್ಸನ್, ಅಲ್ಝೈಮರ್, ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶ ಸಾಯುವ ಎಎಲ್‌ಎಸ್ ಕುರಿತು ಬಂದ ಪತ್ರಗಳಲ್ಲಿ ಬಹುಪಾಲು ಕೇಳಿದ್ದು ಒಂದೇ ಮಾತು: ಊಟ, ನಿದ್ದೆ, ವ್ಯಾಯಾಮ ಬದಲಿಸಿದರೆ ಕಾಯಿಲೆಯ ವೇಗ ತಗ್ಗುತ್ತದೆಯೇ? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದು ಉತ್ತರವಿಲ್ಲ. ಒಬ್ಬರಿಗೆ ಬೆವರು ಬರುವಷ್ಟು ಸೈಕಲ್ ತುಳಿಯಿರಿ ಎನ್ನುವ ನಾವೇ ಇನ್ನೊಬ್ಬರಿಗೆ ಸುಸ್ತಾಗುವ ಮೊದಲೇ ನಿಲ್ಲಿಸಿ ಎನ್ನಬೇಕಾಗುತ್ತದೆ. ಆದ್ದರಿಂದ ಒಂದೊಂದು ಪತ್ರಕ್ಕೂ ಅದರಲ್ಲಿ ಬರೆದಿರುವ ಪರಿಸ್ಥಿತಿಯನ್ನೇ ಹಿಡಿದು ಉತ್ತರಿಸಿದ್ದೇವೆ.

ಪ್ರಶ್ನೆ: ತಂದೆಗೆ 64 ವರ್ಷ. ಒಂದು ವರ್ಷದ ಹಿಂದೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ. ದಿನಾ 40 ನಿಮಿಷ ವಾಕಿಂಗ್ ತಪ್ಪಿಸುವುದಿಲ್ಲ. ಇಷ್ಟು ಸಾಕೇ?

ತಪ್ಪಿಸದೆ ನಡೆಯುತ್ತಿದ್ದಾರೆ ಎನ್ನುವುದೇ ದೊಡ್ಡ ಸಂಗತಿ, ಅದನ್ನು ಬಿಡಿಸಬೇಡಿ. ಆದರೆ ಆರಾಮದ ನಡಿಗೆ ಮಾತ್ರ ಸಾಲದು. ಪಾರ್ಕಿನ್ಸನ್‌ನಲ್ಲಿ ಎಷ್ಟು ಹೊತ್ತು ಎನ್ನುವಷ್ಟೇ ಎಷ್ಟು ಬಿರುಸಾಗಿ ಎನ್ನುವುದೂ ಮುಖ್ಯ.

ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಅಧ್ಯಯನದಲ್ಲಿ, ಇನ್ನೂ ಮಾತ್ರೆ ಶುರುಮಾಡದ 128 ಆರಂಭಿಕ ಹಂತದ ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪು ಗರಿಷ್ಠ ಹೃದಯ ಬಡಿತದ ಶೇ 80ರಿಂದ 85ಕ್ಕೆ ಏರುವಂತೆ ಟ್ರೆಡ್‌ಮಿಲ್ ಮೇಲೆ ನಡೆಯಿತು, ಇನ್ನೊಂದು ಶೇ 60ರಿಂದ 65ರಲ್ಲಿ. ಮೂರನೆಯದು ಎಂದಿನಂತಿತ್ತು. ಆರು ತಿಂಗಳ ಬಳಿಕ ಚಲನೆಯ ತೊಂದರೆ ಅಳೆಯುವ ಅಂಕ ಮೂರನೆಯ ಗುಂಪಿನಲ್ಲಿ 3.2ರಷ್ಟು ಹದಗೆಟ್ಟಿತ್ತು, ಮಧ್ಯಮ ವೇಗದವರಲ್ಲಿ 2, ಬಿರುಸಿನವರಲ್ಲಿ 0.3 ಮಾತ್ರ. ಮರುವರ್ಷ ನೆದರ್ಲೆಂಡ್ಸ್‌ನಲ್ಲಿ 130 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ ಪ್ರಕಟವಾಯಿತು. ಮನೆಯಲ್ಲೇ ನಿಂತ ಸೈಕಲ್ಲನ್ನು ವಾರಕ್ಕೆ ಮೂರು ಸಲ 30ರಿಂದ 45 ನಿಮಿಷ ತುಳಿದವರು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ 4.2 ಅಂಕದಷ್ಟು ಉತ್ತಮ ಸ್ಥಿತಿಯಲ್ಲಿದ್ದರು. ನರಕೋಶಗಳು ಸಾಯುವುದು ನಿಂತಿತು ಎಂದು ಇದರಿಂದ ಹೇಳಲಾಗದು. ಆರು ತಿಂಗಳಲ್ಲಿ ಚಲನೆ ಅಷ್ಟಾಗಿ ಕುಸಿಯಲಿಲ್ಲ ಎನ್ನುವಷ್ಟು ಹೇಳಬಹುದು, ಮನೆಯವರ ಮಟ್ಟಿಗೆ ಅದು ಸಣ್ಣ ಮಾತಲ್ಲ.

ನಿಮ್ಮ ತಂದೆಯವರ ಲೆಕ್ಕ ಹೀಗೆ: 220ರಲ್ಲಿ ವಯಸ್ಸು 64 ಕಳೆದರೆ 156. ಅದರ ಶೇ 80 ಅಂದರೆ ಸುಮಾರು 125, ಶೇ 85 ಅಂದರೆ ಸುಮಾರು 133. ಇದು ಕೊನೆಗೆ ಮುಟ್ಟಬೇಕಾದ ಗುರಿ, ಮೊದಲ ದಿನದ್ದಲ್ಲ. ಮೊದಲು ಹೃದಯದ ತಪಾಸಣೆ ಆಗಲಿ. ಆಮೇಲೆ ನಿಂತ ಸೈಕಲ್ ಮೇಲೆ ಐದು ನಿಮಿಷ ಹಗುರವಾಗಿ ತುಳಿಯುವುದು, ಹತ್ತು ನಿಮಿಷ ಸ್ವಲ್ಪ ಜೋರಾಗಿ, ಮತ್ತೆ ಐದು ನಿಮಿಷ ಹಗುರವಾಗಿ. ಜೋರಿನ ಭಾಗವನ್ನು ವಾರಕ್ಕೆ ಎರಡು ಮೂರು ನಿಮಿಷದಂತೆ ಬೆಳೆಸುತ್ತ ಎರಡು ತಿಂಗಳಲ್ಲಿ ಅರ್ಧ ಗಂಟೆಗೆ ತನ್ನಿ. ವಾರಕ್ಕೆ ಮೂರು ದಿನ ಸಾಕು, ಉಳಿದ ದಿನ ಎಂದಿನ ವಾಕಿಂಗ್ ಇರಲಿ.

ಎಲ್ಲರೂ ಎಡವುವುದು ಮೊದಲ ವಾರದಲ್ಲೇ. ಹುಮ್ಮಸ್ಸಿನಲ್ಲಿ ಪೂರ್ತಿ ಮಾಡುತ್ತಾರೆ, ಮಂಡಿ ಹಿಡಿದುಕೊಳ್ಳುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಇನ್ನೊಂದು ತೊಡಕು ನಾಡಿಯನ್ನೇ ನಂಬುವುದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಹೃದಯ ಎಷ್ಟು ದುಡಿದರೂ ಬಡಿತ ಅಷ್ಟಾಗಿ ಏರುವುದಿಲ್ಲ. ಪಾರ್ಕಿನ್ಸನ್ ತಾನೇ ಹೃದಯದ ನರಗಳನ್ನು ಮುಟ್ಟಿದ್ದರೂ ಹಾಗೇ. ಅಂಥವರು ಗಡಿಯಾರ ನೋಡಿಕೊಂಡು ಇನ್ನಷ್ಟು ತುಳಿದರೆ ಅಪಾಯ. ಅವರಿಗೆ ಮಾತಿನ ಪರೀಕ್ಷೆ ಒಳ್ಳೆಯದು: ಸರಾಗವಾಗಿ ಮಾತಾಡಬಲ್ಲರಾದರೆ ಬಿರುಸು ಕಡಿಮೆ, ಒಂದೇ ಉಸಿರಿಗೆ ನಾಲ್ಕೈದು ಪದವಷ್ಟೇ ಬರುತ್ತಿದ್ದರೆ ಸರಿ, ಮಾತೇ ಬಾರದಿದ್ದರೆ ಅತಿಯಾಯಿತು. ಎದೆ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಮುಗಿದ ಮೇಲೆ ಸೈಕಲ್ಲಿನಿಂದ ಧಡಕ್ಕನೆ ಇಳಿಯಬಾರದು, ಆಗ ಬಿಪಿ ಇಳಿದು ಬೀಳುವ ಸಾಧ್ಯತೆ ಹೆಚ್ಚು. ಮಾತ್ರೆ ತೆಗೆದುಕೊಳ್ಳುವವರಾದರೆ ಅದು ಚೆನ್ನಾಗಿ ಕೆಲಸ ಮಾಡುವ ಹೊತ್ತಿನಲ್ಲೇ ವ್ಯಾಯಾಮ ಇಟ್ಟುಕೊಳ್ಳಿ.

ಪ್ರಶ್ನೆ: ತಾಯಿಗೆ 71. ಪಾರ್ಕಿನ್ಸನ್ ಬಂದು ಆರು ವರ್ಷ. ಬೆಳಗಿನ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಮಧ್ಯಾಹ್ನದ್ದು ಮಾತ್ರ ಹಿಡಿಯುವುದೇ ಇಲ್ಲ. ಆ ಹೊತ್ತಿನಲ್ಲಿ ಬಾಗಿಲ ಬಳಿ ಕಾಲು ಅಂಟಿಕೊಂಡಂತೆ ನಿಂತುಬಿಡುತ್ತಾರೆ. ಕಾಯಿಲೆ ಜೋರಾಯಿತೇ?

ಬೆಳಗ್ಗೆ ಇಷ್ಟು ಚೆನ್ನಾಗಿರುವಾಗ ಕಾಯಿಲೆ ಜೋರಾಯಿತು ಎಂದು ಈಗಲೇ ಹೇಳಲಾಗದು. ಮೊದಲು ಊಟದ ಮೇಲೆ ಅನುಮಾನಪಡಿ. ಮೂರು ದಿನ ಒಂದು ಹಾಳೆಯಲ್ಲಿ ಗಂಟೆ ಹಾಕಿ ಬರೆಯಿರಿ. ಸಾಮಾನ್ಯವಾಗಿ ಆ ಹಾಳೆ ಹೀಗಿರುತ್ತದೆ: 6.30 ಮಾತ್ರೆ, 7.10 ಕೈಕಾಲು ಸಡಿಲ. 1.00 ಊಟ, 1.15 ಮಾತ್ರೆ, 2.30 ಇನ್ನೂ ಬಿಗಿ, 3.15 ಸ್ವಲ್ಪ ಸಡಿಲ. ಅದೇ ಮಾತ್ರೆ, ಅದೇ ಪ್ರಮಾಣ. ಬೆಳಗ್ಗೆ ನಲವತ್ತು ನಿಮಿಷದಲ್ಲಿ ಆದ ಕೆಲಸಕ್ಕೆ ಮಧ್ಯಾಹ್ನ ಎರಡು ಗಂಟೆ.

ಕಾರಣವಿಷ್ಟು. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಮಾತ್ರೆಯಾದ ಲೆವೊಡೋಪ ಹೀರಿಕೆಯಾಗುವುದು ಹೊಟ್ಟೆಯಲ್ಲಲ್ಲ, ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಹೊಟ್ಟೆ ತುಂಬಿದ್ದರೆ, ಅದರಲ್ಲೂ ಜಿಡ್ಡಿನ ಊಟವಾಗಿದ್ದರೆ, ಮಾತ್ರೆ ಅಲ್ಲೇ ಕಾಯುತ್ತ ಕೂರುತ್ತದೆ. ಎರಡನೆಯದು ಪ್ರೋಟೀನ್. ಲೆವೊಡೋಪವೂ ಒಂದು ಅಮೈನೋ ಆಮ್ಲ. ಬೇಳೆ, ಹಾಲು, ಮೊಟ್ಟೆ, ಮಾಂಸದಿಂದ ಬರುವ ಅಮೈನೋ ಆಮ್ಲಗಳು ಕರುಳಿನಲ್ಲೂ ಮಿದುಳಿನ ಹೊಸ್ತಿಲಲ್ಲೂ ಅದೇ ಬಾಗಿಲಿಂದ ಒಳಹೋಗಬೇಕು. ನೂಕುನುಗ್ಗಲಿನಲ್ಲಿ ಮಾತ್ರೆ ಹಿಂದೆ ಬೀಳುತ್ತದೆ.

ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ಮೇಲೆ, ಒಂದು ಲೋಟ ನೀರಿನ ಜೊತೆ ಕೊಡಿ. ಬರಿ ಹೊಟ್ಟೆಗೆ ವಾಕರಿಕೆ ಬಂದರೆ ಪ್ರೋಟೀನ್ ಕಡಿಮೆ ಇರುವ ಒಂದೆರಡು ತುತ್ತು ಏನಾದರೂ ಕೊಡಬಹುದು, ಹಾಲು ಬೇಡ. ಇಷ್ಟಕ್ಕೂ ಸರಿಹೋಗದಿದ್ದರೆ ಮಾತ್ರ ಪ್ರೋಟೀನಿನ ಬಹುಪಾಲನ್ನು ರಾತ್ರಿಯ ಊಟಕ್ಕೆ ಸರಿಸಿ ನೋಡಿ. ಸರಿಸಿ ಎಂದೆವು, ಕಡಿಮೆ ಮಾಡಿ ಎನ್ನಲಿಲ್ಲ. ಇಲ್ಲಿ ಆಗುವ ತಪ್ಪು ದುಬಾರಿ: ಬೇಳೆ, ಹಾಲು ಪೂರ್ತಿ ಬಿಡಿಸಿ ಆರು ತಿಂಗಳಲ್ಲಿ ಸ್ನಾಯು ಕರಗಿ, ಮಾತ್ರೆ ಹಿಡಿದರೂ ಎದ್ದು ನಿಲ್ಲಲಾಗದ ಸ್ಥಿತಿ ಬರುತ್ತದೆ. ದೇಹದ ತೂಕದ ಕಿಲೋಗೆ ದಿನಕ್ಕೆ 0.8ರಿಂದ 1 ಗ್ರಾಂ ಪ್ರೋಟೀನ್ ಬೇಕೇ ಬೇಕು. 55 ಕಿಲೋ ತೂಗುವವರಿಗೆ ಅದು 44ರಿಂದ 55 ಗ್ರಾಂ. ಕಬ್ಬಿಣದ ಮಾತ್ರೆಯೂ ಲೆವೊಡೋಪಕ್ಕೆ ಅಂಟಿಕೊಳ್ಳುತ್ತದೆ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಲಿ.

ಮಲಬದ್ಧತೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದನ್ನು ಮೊದಲು ಸರಿಮಾಡಿ. ಕರುಳು ನಿಧಾನವಾದರೆ ಮಾತ್ರೆಯ ಪರಿಣಾಮವೂ ಏರುಪೇರಾಗುತ್ತದೆ. ನೀರು ಹೆಚ್ಚಿಸದೆ ಬರೀ ನಾರು ಹೆಚ್ಚಿಸಿದರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ ಎನ್ನುವುದು ನೆನಪಿರಲಿ.

ಬಾಗಿಲಲ್ಲಿ ಕಾಲು ಅಂಟಿದಾಗ ಕೈ ಹಿಡಿದು ಎಳೆಯಲೇಬೇಡಿ. ಮೈ ಮುಂದೆ ಬರುತ್ತದೆ, ಪಾದ ಅಲ್ಲೇ ಇರುತ್ತದೆ, ಬೀಳುವುದು ಹೀಗೆಯೇ. ಪಕ್ಕದಲ್ಲಿ ನಿಂತು ಮೊದಲು "ನಿಲ್ಲಮ್ಮ" ಎನ್ನಿ. ಬೆನ್ನು ನೇರ ಮಾಡಿಕೊಳ್ಳಲಿ. ಆಮೇಲೆ ಭಾರವನ್ನು ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ ಹಾಕಲಿ. ಈಗ ಬಲಗಾಲು ಹಗುರವಾಗಿರುತ್ತದೆ. ನಿಮ್ಮ ಪಾದವನ್ನು ಅದರ ಮುಂದೆ ಅಡ್ಡ ಇಟ್ಟು "ಇದನ್ನು ದಾಟು" ಎನ್ನಿ. ತಾನಾಗಿ ಹೊರಡದ ಹೆಜ್ಜೆ ಕಣ್ಣೆದುರಿನ ಗುರುತು ಕಂಡರೆ ಹೊರಡುತ್ತದೆ. ಹೊಸ್ತಿಲಿನ ಆಚೀಚೆ ಒಂದೊಂದು ಹೆಜ್ಜೆಯ ಅಂತರದಲ್ಲಿ ಬಣ್ಣದ ಟೇಪ್ ಅಡ್ಡಡ್ಡ ಅಂಟಿಸಿದರೂ ಇದೇ ಕೆಲಸ ಆಗುತ್ತದೆ. ಚಾಪೆ, ಕಾಲೊರಸು ಅಲ್ಲಿ ಇರಬಾರದು.

ಎರಡು ಎಚ್ಚರ. ಮಾತ್ರೆ ಹಿಡಿಯುತ್ತಿಲ್ಲವೆಂದು ತಟ್ಟನೆ ನಿಲ್ಲಿಸಬೇಡಿ, ಜ್ವರ, ಮೈ ಸೆಡೆತ ಬಂದು ಜೀವಕ್ಕೆ ಕುತ್ತಾಗಬಹುದು. ವಾಂತಿಗೆ ಮೆಟೊಕ್ಲೋಪ್ರಮೈಡ್, ಗಲಿಬಿಲಿಗೆ ಹ್ಯಾಲೊಪೆರಿಡಾಲ್ ಕೊಡಲು ಬಂದರೆ ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಿ. ಎರಡೂ ಪಾರ್ಕಿನ್ಸನ್‌ನಲ್ಲಿ ಮೊದಲೇ ಕಡಿಮೆಯಾಗಿರುವ ಮಿದುಳಿನ ರಾಸಾಯನಿಕವಾದ ಡೋಪಮೈನ್ ಕೆಲಸವನ್ನು ತಡೆಯುವ ಔಷಧಿಗಳು.

ಪ್ರಶ್ನೆ: ಪತಿಗೆ 59. ನಿದ್ದೆಯಲ್ಲಿ ಕಿರುಚುತ್ತಾರೆ, ಗುದ್ದುತ್ತಾರೆ. ಎದ್ದಮೇಲೆ ಯಾರೋ ಅಟ್ಟಿಸಿಕೊಂಡು ಬಂದಂತೆ ಕನಸು ಎನ್ನುತ್ತಾರೆ. ಇದು ಬರೀ ಒತ್ತಡವೇ?

ಕನಸು ಕಾಣುವ ನಿದ್ದೆಯಲ್ಲಿ ಮಿದುಳಿನ ಕಾಂಡ ಕೈಕಾಲುಗಳ ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ. ಆ ಕಟ್ಟು ಸಡಿಲವಾದರೆ ಕನಸಿನಲ್ಲಿ ಮಾಡಿದ್ದನ್ನೇ ಮೈ ಮಾಡುತ್ತದೆ. ಐವತ್ತು ದಾಟಿದ ಮೇಲೆ ಶುರುವಾದ ಇಂಥ ನಿದ್ದೆಯನ್ನು ನರರೋಗ ತಜ್ಞರು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ನಡುಕಕ್ಕೆ ವರ್ಷಗಟ್ಟಲೆ ಮೊದಲೇ ಪಾರ್ಕಿನ್ಸನ್ ಕೊಡುವ ಸೂಚನೆಗಳಲ್ಲಿ ಇದು ಒಂದು. ವಾಸನೆ ತಿಳಿಯದಿರುವುದು, ಮಲಬದ್ಧತೆ ಜೊತೆಗಿದ್ದರೆ ಅನುಮಾನ ಹೆಚ್ಚುತ್ತದೆ.

ಹಾಗೆಂದು ಇಂದೇ ತೀರ್ಮಾನಕ್ಕೆ ಬರಬೇಡಿ. ಉಸಿರು ಕಟ್ಟುವ ಗೊರಕೆಯಿಂದ ಬೆಚ್ಚಿ ಏಳುವವರೂ ಹೀಗೇ ಕಾಣುತ್ತಾರೆ, ಖಿನ್ನತೆಯ ಕೆಲವು ಮಾತ್ರೆಗಳೂ ಇದನ್ನು ತರುತ್ತವೆ. ರಾತ್ರಿಯಿಡೀ ನಿದ್ದೆಯನ್ನು ದಾಖಲಿಸುವ ಪರೀಕ್ಷೆಯಿಂದಲೇ ಖಚಿತವಾಗುವುದು. ಹೋಗುವ ಮೊದಲು ಮೊಬೈಲಿನಲ್ಲಿ ಒಂದೆರಡು ರಾತ್ರಿಯ ವಿಡಿಯೊ ತೆಗೆದಿಟ್ಟುಕೊಳ್ಳಿ, ವೈದ್ಯರಿಗೆ ಅದು ಬಹಳ ಉಪಯೋಗ. ಅಲ್ಲಿಯವರೆಗೆ ಮಂಚದ ಪಕ್ಕದ ಮೇಜು, ಗಾಜು, ಚೂಪಾದ ಅಂಚು ದೂರವಿರಲಿ, ನೆಲಕ್ಕೆ ದಪ್ಪ ಹಾಸಿಗೆ ಹಾಕಿ. ನೀವು ಬೇರೆ ಮಂಚದಲ್ಲಿ ಮಲಗಿ. ಸಂಕೋಚಪಟ್ಟು ಪೆಟ್ಟು ತಿನ್ನುವುದಕ್ಕಿಂತ ಅದು ಮೇಲು. ಮಲಗುವ ಮುನ್ನ ಮದ್ಯ ಬೇಡವೇ ಬೇಡ. ಮೆಲಟೋನಿನ್ ಹಲವರಿಗೆ ಹಿಡಿಸುತ್ತದೆ, ಸಾಮಾನ್ಯವಾಗಿ 3 ಮಿ.ಗ್ರಾಂನಿಂದ ಶುರುಮಾಡಿ ವೈದ್ಯರು ಏರಿಸುತ್ತಾರೆ.

ಪ್ರಶ್ನೆ: ಸಿಗರೇಟು ಸೇದುವವರಿಗೆ, ಕಾಫಿ ಕುಡಿಯುವವರಿಗೆ ಪಾರ್ಕಿನ್ಸನ್ ಬರುವುದಿಲ್ಲವಂತೆ, ನಿಜವೇ?

ಜನಸಮೂಹದ ಲೆಕ್ಕದಲ್ಲಿ ಇಬ್ಬರಲ್ಲೂ ಪಾರ್ಕಿನ್ಸನ್ ಕಡಿಮೆ ಕಂಡಿರುವುದು ನಿಜ. ಅದನ್ನೇ ಔಷಧಿಯಾಗಿ ಕೊಟ್ಟು ನೋಡಿದಾಗ ಫಲ ಸಿಗಲಿಲ್ಲ. ದಿನಕ್ಕೆ ಎರಡು ಸಲ 200 ಮಿ.ಗ್ರಾಂ ಕೆಫೀನ್ ಕೊಟ್ಟ 2017ರ ಅಧ್ಯಯನದಲ್ಲಿ ಚಲನೆ ಸುಧಾರಿಸಲಿಲ್ಲ, ನಿಕೋಟಿನ್ ಪಟ್ಟಿ ಅಂಟಿಸಿದ 2023ರ ಅಧ್ಯಯನದಲ್ಲಿ ಕಾಯಿಲೆ ನಿಧಾನವಾಗಲಿಲ್ಲ. ಕಾಫಿ ಇಷ್ಟವಿದ್ದರೆ ಮಧ್ಯಾಹ್ನದೊಳಗೆ ಕುಡಿಯಿರಿ. ಸಿಗರೇಟು ಬಿಡಿ, ಅದು ಮರೆವಿನ ಕಾಯಿಲೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಪ್ರಶ್ನೆ: ಅತ್ತೆಗೆ 76, ಅಲ್ಝೈಮರ್ ಮಧ್ಯಮ ಹಂತ. ವ್ಯಾಯಾಮ, ಪದಬಂಧ ಎಲ್ಲ ಮಾಡಿಸುತ್ತಿದ್ದೇನೆ, ಆದರೂ ಮರೆವು ಹೆಚ್ಚುತ್ತಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ನೀವು ತಪ್ಪುತ್ತಿಲ್ಲ. ಈ ಹಂತದಲ್ಲಿ ವ್ಯಾಯಾಮದಿಂದ ಮರೆವು ನಿಧಾನವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಬ್ರಿಟನ್ನಿನಲ್ಲಿ 494 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿರುಸಿನ ವ್ಯಾಯಾಮದಿಂದ ಮೈಯ ಕಸುವು ಹೆಚ್ಚಿತು, ನೆನಪಿನ ಅಂಕ ಮಾತ್ರ ಸುಧಾರಿಸಲಿಲ್ಲ, ತುಸು ಕೆಳಗೇ ಇತ್ತು. ಪದಬಂಧ ಅವರಿಗೆ ಖುಷಿ ಕೊಟ್ಟರೆ ಇರಲಿ. ಸೋತೆನೆಂಬ ಮುಖ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ವಾಕಿಂಗ್ ಬಿಡಬೇಡಿ, ಬೀಳದೆ ಇರಲು, ರಾತ್ರಿ ನಿದ್ದೆ ಬರಲು, ತಾವೇ ಎದ್ದು ಶೌಚಕ್ಕೆ ಹೋಗಲು ಅದು ಬೇಕು.

ನಿಮ್ಮ ಶ್ರಮವನ್ನು ಫಲ ಸಿಗುವ ಕಡೆ ಹಾಕಿ. ಮೊದಲು ಕಿವಿ. ಗುಗ್ಗೆ ಕಟ್ಟಿದ್ದರೂ ಸಾಕು, ಹೇಳಿದ್ದು ಕೇಳಿಸದೆ ಮರೆತವರಂತೆ ಕಾಣುತ್ತಾರೆ. ಕನ್ನಡಕದ ನಂಬರ್ ನೋಡಿಸಿ. ಆಮೇಲೆ ಮಾತ್ರೆಗಳ ಚೀಲವನ್ನು ಪೂರ್ತಿ ವೈದ್ಯರ ಮುಂದೆ ಸುರಿಯಿರಿ. ನೆಗಡಿ, ಅಲರ್ಜಿಯ ಹಳೆಯ ಮಾತ್ರೆಗಳಾದ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಮೂತ್ರ ಹಿಡಿದಿಡಲು ಕೊಡುವ ಆಕ್ಸಿಬ್ಯುಟಿನಿನ್, ನೋವಿಗೋ ನಿದ್ದೆಗೋ ಕೊಟ್ಟ ಅಮಿಟ್ರಿಪ್ಟಿಲಿನ್ ಇವೆಲ್ಲ ನೆನಪಿಗೆ ಬೇಕಾದ ಮಿದುಳಿನ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುತ್ತವೆ. ಅದನ್ನೇ ಹೆಚ್ಚಿಸಲೆಂದು ಮರೆವಿಗೆ ಡೊನೆಪೆಜಿಲ್ ಮಾತ್ರೆ ಕೊಡುತ್ತಿರುವಾಗ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ.

ಬಟ್ಟೆ ಹಾಕಿಕೊಳ್ಳುವುದು ಎಲ್ಲ ಮನೆಗಳಲ್ಲೂ ಜಗಳದ ಹೊತ್ತು. ಬೀರು ತೆರೆದು "ಯಾವುದು ಬೇಕು?" ಎಂದು ಕೇಳಬೇಡಿ, ಆ ಪ್ರಶ್ನೆಯೇ ಭಾರ. ಹಾಕಿಕೊಳ್ಳುವ ಕ್ರಮದಲ್ಲೇ ಮಂಚದ ಮೇಲೆ ಜೋಡಿಸಿ, ಮೊದಲು ಹಾಕುವುದು ಮೇಲೆ. ಒಂದೊಂದೇ ಕೈಗೆ ಕೊಟ್ಟು ಒಂದೇ ಮಾತು ಹೇಳಿ: "ಇದರಲ್ಲಿ ಕೈ ಹಾಕಿ." ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ನಾವು ಸಾಮಾನ್ಯವಾಗಿ ಮೂರಕ್ಕೇ ಕೈಹಾಕುತ್ತೇವೆ. ಹಾಗೆ ನಾವೇ ಮಾಡಿಬಿಟ್ಟರೆ ನಿಮಗೆ ಐದು ನಿಮಿಷ ಉಳಿಯುತ್ತದೆ, ಅವರಿಗೆ ಆ ಕೆಲಸ ಬೇಗ ಮರೆತುಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ಅಲ್ಝೈಮರ್ ತಿಂಗಳುಗಳ ಲೆಕ್ಕದಲ್ಲಿ ಇಳಿಯುತ್ತದೆ. ಎರಡು ದಿನದಲ್ಲಿ ಒಮ್ಮೆಲೇ ಮಂಕಾದರೆ, ಇಲ್ಲದವರ ಜೊತೆ ಮಾತಾಡತೊಡಗಿದರೆ ಅದು ಕಾಯಿಲೆಯ ಮುಂದಿನ ಹಂತವಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ನೀರು ಸಾಲದಿರುವುದು, ಮಲ ಕಟ್ಟಿರುವುದು, ಹೇಳಿಕೊಳ್ಳಲಾಗದ ನೋವು, ಹೊಸ ಮಾತ್ರೆ, ಸಾಮಾನ್ಯವಾಗಿ ಇವುಗಳಲ್ಲಿ ಒಂದಿರುತ್ತದೆ. ವಯಸ್ಸಾದವರಿಗೆ ಸೋಂಕಿದ್ದರೂ ಜ್ವರ ಬಾರದಿರಬಹುದು. ಅದೇ ದಿನ ತೋರಿಸಿ.

ಪ್ರಶ್ನೆ: ನನಗೆ 47. ತಾಯಿಗೆ ಅಲ್ಝೈಮರ್ ಇತ್ತು. ಶೇ 45ರಷ್ಟು ಮರೆವಿನ ಕಾಯಿಲೆ ತಡೆಯಬಹುದು ಎಂದು ಓದಿದೆ. ನಾನು ಏನು ಮಾಡಬೇಕು?

ಆ ಅಂಕಿ 2024ರ ಲ್ಯಾನ್ಸೆಟ್ ಆಯೋಗದ ವರದಿಯದು. ಬದಲಿಸಬಲ್ಲ ಹದಿನಾಲ್ಕು ಕಾರಣಗಳನ್ನು ಜಗತ್ತಿನಿಂದಲೇ ತೆಗೆದುಹಾಕಿದರೆ ಒಟ್ಟು ಪ್ರಕರಣಗಳಲ್ಲಿ ಸುಮಾರು ಶೇ 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಅರ್ಥ. ನಿಮ್ಮೊಬ್ಬರ ಅಪಾಯ ಶೇ 45 ಇಳಿಯುತ್ತದೆ ಎಂದಲ್ಲ. ಆದರೆ ನಿಮ್ಮ ವಯಸ್ಸು ಸರಿಯಾದ ವಯಸ್ಸು. ಅಲ್ಝೈಮರ್‌ನ ಬದಲಾವಣೆ ಮರೆವು ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರುತ್ತದೆ.

ಆ ಪಟ್ಟಿಯಲ್ಲಿ ದೊಡ್ಡ ಪಾಲು ಕಿವಿ ಕೇಳದಿರುವುದಕ್ಕೂ ಎಲ್‌ಡಿಎಲ್ ಕೊಲೆಸ್ಟ್ರಾಲ್‌ಗೂ. ರಕ್ತದೊತ್ತಡವನ್ನು ನಾವು ಅದರ ಪಕ್ಕದಲ್ಲೇ ಇಡುತ್ತೇವೆ. 2019ರಲ್ಲಿ ಪ್ರಕಟವಾದ ಸ್ಪ್ರಿಂಟ್ ಮೈಂಡ್ ಅಧ್ಯಯನದಲ್ಲಿ ಮೇಲಿನ ಅಂಕವನ್ನು 140ರೊಳಗೆ ಇಟ್ಟವರಿಗಿಂತ 120ರೊಳಗೆ ಇಟ್ಟವರಲ್ಲಿ ಅಲ್ಪ ಮರೆವಿನ ಹಂತ ಶೇ 19ರಷ್ಟು ಕಡಿಮೆ ಕಂಡಿತು. ಅಳೆಯುವ ಕ್ರಮ ತಪ್ಪಿದರೆ ಅಂಕಿಗೆ ಬೆಲೆಯಿಲ್ಲ: ಅರ್ಧ ಗಂಟೆ ಮೊದಲು ಕಾಫಿ, ವ್ಯಾಯಾಮ ಇರಬಾರದು, ಬೆನ್ನಿಗೆ ಒರಗಿ ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು, ತೋಳು ಎದೆಯ ಮಟ್ಟಕ್ಕಿರಬೇಕು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಗ್ಗೆ ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ.

ಫಿನ್ಲೆಂಡಿನ ಫಿಂಗರ್ ಅಧ್ಯಯನ 60ರಿಂದ 77 ವರ್ಷದ 1260 ಜನರಲ್ಲಿ ಆಹಾರ, ವ್ಯಾಯಾಮ, ಮಿದುಳಿನ ಅಭ್ಯಾಸ, ಬಿಪಿ-ಸಕ್ಕರೆಯ ನಿಗಾ ಎಲ್ಲವನ್ನೂ ಎರಡು ವರ್ಷ ಒಟ್ಟಿಗೆ ನಡೆಸಿ ಅಲ್ಪ ಲಾಭ ಕಂಡಿತು. ಆಹಾರ ಒಂದನ್ನೇ ಹಿಡಿದು 604 ಜನರಲ್ಲಿ ಮೂರು ವರ್ಷ ನಡೆದ ಮೈಂಡ್ ಡಯಟ್ ಪರೀಕ್ಷೆಯಲ್ಲಿ ಆ ಆಹಾರ ತಿಂದವರಿಗೂ ಹೋಲಿಕೆಯ ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನೆನಪಿಗೆ ಒಳ್ಳೆಯದೆಂದು ಮಾರುವ ಗಿಂಕೊ ಎಂಬ ಗಿಡಮೂಲಿಕೆಯ ಮಾತ್ರೆಗೆ ಹಣ ಹಾಕಬೇಡಿ. 3069 ವೃದ್ಧರಲ್ಲಿ ವರ್ಷಗಟ್ಟಲೆ ಕೊಟ್ಟು ನೋಡಿದರೂ ಅದು ಕಾಯಿಲೆ ತಡೆಯಲಿಲ್ಲ.

ಪ್ರಶ್ನೆ: ಅಣ್ಣನಿಗೆ ಎಎಲ್‌ಎಸ್. ಹಗುರ ಊಟ ಕೊಡಿ, ಚೆನ್ನಾಗಿ ವ್ಯಾಯಾಮ ಮಾಡಿಸಿ, ಸ್ನಾಯು ಮತ್ತೆ ಬೆಳೆಯುತ್ತದೆ ಎನ್ನುತ್ತಾರೆ. ನಾಲ್ಕು ತಿಂಗಳಲ್ಲಿ ತೂಕ 62ರಿಂದ 57ಕ್ಕೆ ಇಳಿದಿದೆ.

ಈ ಕಾಯಿಲೆಗೆ ಆ ಸಲಹೆ ತಿರುಗುಮುರುಗು. ಸಾಯುತ್ತಿರುವುದು ಸ್ನಾಯುವಿಗೆ ಆಜ್ಞೆ ಕೊಡುವ ನರಕೋಶ, ಅದಿಲ್ಲದೆ ದಣಿಸಿದರೆ ಸ್ನಾಯು ಬೆಳೆಯದು. ಐದು ಕಿಲೋ ಅಂದರೆ ಅವರ ತೂಕದ ಶೇ 8. ಎಎಲ್‌ಎಸ್‌ನಲ್ಲಿ ಶೇ 5 ದಾಟಿದ ಇಳಿಕೆಯೇ ಕಾಯಿಲೆ ಬೇಗ ಮುಂದುವರಿಯುವ ಲಕ್ಷಣ. ಇಂದಿನಿಂದ ಎಣ್ಣೆ, ಬೆಣ್ಣೆ, ಕೆನೆ, ಸಕ್ಕರೆ ಯಾವುದಕ್ಕೂ ಕಡಿವಾಣ ಬೇಡ. ಮಧುಮೇಹವಿದ್ದರೆ ಮಾತ್ರ ವೈದ್ಯರನ್ನು ಕೇಳಿ. ದೊಡ್ಡ ಊಟದ ಬದಲು ಆರು ಸಣ್ಣ ಊಟ, ಮೆತ್ತಗೆ, ಗಟ್ಟಿ ಮೊಸರಿನ ಹದದಲ್ಲಿ. ನೀರಿನಂಥ ತೆಳುವೇ ಹೆಚ್ಚು ನೆತ್ತಿಗೇರುತ್ತದೆ. ನುಂಗುವಾಗ ಗದ್ದ ಎದೆಯ ಕಡೆ ಬಾಗಲಿ. ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ವ್ಯಾಯಾಮ ಅಂದರೆ ಕೀಲು ಬಿಗಿಯದಂತೆ ನೀವೇ ನಿಧಾನವಾಗಿ ಆಡಿಸುವುದು, ಅವರಿಗೆ ಆಗುವಷ್ಟು ಹಗುರ ಚಲನೆ. ಮರುದಿನ ಬೆಳಗ್ಗೆಗೂ ದಣಿವು ಉಳಿದಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು ಎಂದೇ ತಿಳಿಯಿರಿ. ಎಬ್ಬಿಸುವಾಗ ತೋಳು ಹಿಡಿದು ಎಳೆಯಬೇಡಿ, ಸ್ನಾಯು ಸೋತ ಭುಜ ಕೀಲಿನಿಂದ ಜಾರುತ್ತದೆ. ಸೊಂಟಕ್ಕೆ ಅಗಲ ಪಟ್ಟಿ ಕಟ್ಟಿ ಅದನ್ನು ಹಿಡಿದೆತ್ತಿ.

ಬೆಳಗ್ಗೆ ತಲೆನೋವು, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಪದೇ ಪದೇ ಎಚ್ಚರ, ಇವು ಉಸಿರಾಟದ ಸ್ನಾಯು ಸೋಲುತ್ತಿರುವ ಗುರುತು. ಮುಖಕ್ಕೆ ಹಾಕುವ ಉಸಿರಾಟದ ಯಂತ್ರ ಆಗ ನಿಜಕ್ಕೂ ದಿನಗಳನ್ನು ಕೂಡಿಸುತ್ತದೆ. ಊಟ ಮುಗಿಸಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ ಹೊಟ್ಟೆಗೆ ನೇರ ಕೊಳವೆ ಹಾಕಿಸುವ ಮಾತನ್ನು ಈ ಸಲದ ಭೇಟಿಯಲ್ಲೇ ಎತ್ತಿ. ಶ್ವಾಸ ಸಾಮರ್ಥ್ಯ ಶೇ 50ಕ್ಕೆ ಇಳಿಯುವ ಮೊದಲು ಅದನ್ನು ಹಾಕುವುದು ಸುರಕ್ಷಿತ, ಆಮೇಲೆ ಅರಿವಳಿಕೆಯೇ ಅಪಾಯ. ಕೊಳವೆ ಇದ್ದರೂ ರುಚಿಗೆ ಬಾಯಲ್ಲಿ ತಿನ್ನಬಹುದು ಎಂದು ಅಣ್ಣನಿಗೆ ಮೊದಲೇ ಹೇಳಿ. ಹಲವರು ಬೇಡ ಎನ್ನುವುದು ಇನ್ನು ಬಾಯಿಗೆ ಏನೂ ಇಲ್ಲ ಎಂದುಕೊಂಡು.